ಗದ್ದೆಯಿಂದ ಗ್ಲೂಕೋಸಿನವರೆಗೆ: ಜೀವಶಾಸ್ತ್ರವನ್ನು ಮತ್ತೊಮ್ಮೆ ಓದುವ ಬಗೆ

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದವರಿಗೂ, ನೀಟ್ ತಯಾರಿಗೆ ಮುಂಚೆ ಬುಡ ಗಟ್ಟಿ ಮಾಡಿಕೊಳ್ಳಬೇಕು ಅನ್ನುವವರಿಗೂ ಜೀವಶಾಸ್ತ್ರದಲ್ಲಿ ಎದುರಾಗುವ ತೊಡಕು ಹೆಚ್ಚುಕಡಿಮೆ ಒಂದೇ. ಪಾಠಗಳು ಬಿಡಿಬಿಡಿಯಾಗಿ ನೆನಪಿರುತ್ತವೆ, ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಆಹಾರ ಸರಪಳಿ ಬಾಯಿಪಾಠ, ಕಿಣ್ವವೂ ಬಾಯಿಪಾಠ. ಆದರೆ ಹಸು ಹುಲ್ಲು ತಿಂದು ಬದುಕುತ್ತದೆ, ನಾವೇಕೆ ಬದುಕಲಾರೆವು ಎಂದು ಕೇಳಿದರೆ ಎರಡೂ ಪಾಠ ಕೈಕೊಡುತ್ತವೆ.

ಪಠ್ಯಪುಸ್ತಕದ ಕ್ರಮದಲ್ಲೇ ಇದಕ್ಕೆ ಅರ್ಧ ಕಾರಣವಿದೆ. ಪಿಯುಸಿಯಲ್ಲಿ ಜೈವಿಕ ಅಣುಗಳ ಪಾಠ ಮೊದಲ ವರ್ಷದಲ್ಲಿ, ಪರಿಸರ ವಿಜ್ಞಾನ ಎರಡನೆಯ ವರ್ಷದ ಕೊನೆಯಲ್ಲಿ. ಹೊಸದಾಗಿ ಕಲಿಯುವಾಗ ಅದು ಇರಲಿ. ಪುನರ್ಮನನಕ್ಕೆ ಮಾತ್ರ ತಿರುಗಾಮುರುಗಾ ಮಾಡುವುದು ಲೇಸು: ಕಣ್ಣಿಗೆ ಕಾಣುವ ಗದ್ದೆಯಿಂದ ಶುರುಮಾಡಿ ಎಲೆ, ಕೋಶ, ಅಣು ಎಂದು ಮೆಟ್ಟಿಲಿಳಿಯಿರಿ. ಪ್ರತಿ ಮೆಟ್ಟಿಲಿನಲ್ಲೂ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇಂಗಾಲ ಎಲ್ಲಿಂದ ಬಂದು ಎಲ್ಲಿಗೆ ಹೋಯಿತು? ಶಕ್ತಿ ಎಲ್ಲಿಂದ ಬಂದು ಎಲ್ಲಿಗೆ ಹೋಯಿತು?

ದಿನಕ್ಕೆ ಒಂದೂವರೆ ಗಂಟೆಯಂತೆ ಹತ್ತು ದಿನ ಸಾಕು. ಪರಿಸರಕ್ಕೆ ಮೂರು ದಿನ, ಎಲೆ ಮತ್ತು ಉಸಿರಾಟಕ್ಕೆ ಎರಡು, ಕೋಶಕ್ಕೆ ಒಂದು, ಕೋಶವಿಭಜನೆ ಮತ್ತು ಡಿಎನ್‌ಎಗೆ ಒಂದು, ಜೀವರಸಾಯನಕ್ಕೆ ಎರಡು, ಕೊನೆಯ ದಿನ ಪರೀಕ್ಷೆ. ಬೇಕಾದ ಸಾಮಾನು: ಗೆರೆಯಿಲ್ಲದ ಹಾಳೆ ಇಪ್ಪತ್ತು, ಪೆನ್ಸಿಲ್, ಎರಡು ಬಣ್ಣದ ಪೆನ್, ಮೆಡಿಕಲ್ ಶಾಪಿನಿಂದ ಒಂದು ಚಿಕ್ಕ ಸೀಸೆ ಟಿಂಕ್ಚರ್ ಅಯೋಡಿನ್, ಅಡುಗೆಮನೆಯಿಂದ ಆಲೂಗಡ್ಡೆ, ಉಪ್ಪು, ಕಾರ್ನ್‌ಫ್ಲೋರ್, ವಿನೆಗರ್. ಟಿಂಕ್ಚರ್ ಸಿಗದಿದ್ದರೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣವೂ ನಡೆಯುತ್ತದೆ.

ಮೊದಲು ಖಾಲಿ ಹಾಳೆ, ಆಮೇಲೆ ಪುಸ್ತಕ

ಪ್ರತಿದಿನದ ಮೊದಲ ಇಪ್ಪತ್ತು ನಿಮಿಷ ಪುಸ್ತಕ ಮುಚ್ಚಿಯೇ ಇರಲಿ. ಅಂದಿನ ವಿಷಯದ ಹೆಸರನ್ನು ಹಾಳೆಯ ನಡುವೆ ಬರೆದು, ನೆನಪಿಗೆ ಬಂದದ್ದನ್ನೆಲ್ಲ ನೀಲಿ ಪೆನ್ನಿನಲ್ಲಿ ಸುತ್ತ ಬರೆಯಿರಿ. ತಪ್ಪಾದರೂ ಬರೆಯಿರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನೂ ತಪ್ಪಿದ್ದನ್ನೂ ಕೆಂಪು ಪೆನ್ನಿನಲ್ಲಿ ಸೇರಿಸಿ. ಮಾರನೆಯ ದಿನ ಹತ್ತು ನಿಮಿಷ, ನಾಲ್ಕನೆಯ ದಿನ ಹತ್ತು ನಿಮಿಷ ನೋಡಬೇಕಾದದ್ದು ಆ ಕೆಂಪು ಅಕ್ಷರಗಳನ್ನಷ್ಟೇ.

ಹಳದಿ ಹೈಲೈಟರ್ ಹಿಡಿದು ಪುಟ ತಿರುವುವುದು ಓದಿದ ಹಾಗೆ ಕಾಣುತ್ತದೆ, ಅಷ್ಟೇ. ಕಣ್ಣಿಗೆ ಪರಿಚಯವಾದದ್ದು ತಲೆಗೆ ಹೋಯಿತೆಂದು ನಂಬಿಬಿಡುತ್ತೇವೆ. ಪರೀಕ್ಷೆಯ ಹಾಲಿನಲ್ಲಿ ಎದುರಿಗಿರುವುದು ಖಾಲಿ ಹಾಳೆಯೇ, ಹಾಗಾಗಿ ಅಭ್ಯಾಸವೂ ಖಾಲಿ ಹಾಳೆಯ ಮೇಲೇ ಆಗಲಿ.

ಗದ್ದೆಯ ಬದುವಿನ ಮೇಲೆ

ಸಿಂಹ, ಜೀಬ್ರಾ ಬಿಟ್ಟು ಬತ್ತದ ಗದ್ದೆಯನ್ನೇ ತೆಗೆದುಕೊಳ್ಳಿ. ಬತ್ತ, ಮಿಡತೆ, ಕಪ್ಪೆ, ಕೇರೆಹಾವು, ಹದ್ದು. ಇದು ಸರಪಳಿ. ಈಗ ಅದೇ ಹಾಳೆಯಲ್ಲಿ ಇಲಿ, ಬೆಳ್ಳಕ್ಕಿ, ಜೇಡ, ಏಡಿ, ನೀರಿನಲ್ಲಿರುವ ಪಾಚಿ ಸೇರಿಸಿ. ಬಾಣಗಳು ಒಂದನ್ನೊಂದು ಹಾಯ್ದು ಜಾಲವಾಗುತ್ತದೆ. ಬಾಣದ ಮೂತಿ ತಿಂದವನ ಕಡೆಗಿರಬೇಕು. ಇಲ್ಲಿ ಬಹಳ ಮಂದಿ ಎಡವುತ್ತಾರೆ. "ಕಪ್ಪೆ ಮಿಡತೆಯನ್ನು ತಿನ್ನುತ್ತದೆ" ಎಂಬ ವಾಕ್ಯವನ್ನೇ ಅನುಸರಿಸಿ ಕಪ್ಪೆಯಿಂದ ಮಿಡತೆಗೆ ಬಾಣ ಎಳೆಯುತ್ತಾರೆ. ಬಾಣ ತೋರಿಸುವುದು ಶಕ್ತಿ ಹೋಗುವ ದಾರಿಯನ್ನು. ಕೊಳೆಸುವ ಬ್ಯಾಕ್ಟೀರಿಯ, ಶಿಲೀಂಧ್ರಗಳಿಗೆ ಎಲ್ಲ ಹಂತದಿಂದಲೂ ಬಾಣ ಬರಬೇಕು, ಹದ್ದಿನಿಂದ ಕೂಡ.

ಇನ್ನು ಲೆಕ್ಕ. ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ 1942ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದ ಶೇಕಡ 10ರ ನಿಯಮದಂತೆ, ಬತ್ತದಲ್ಲಿ 10,000 ಜೂಲ್ ಇದ್ದರೆ ಮಿಡತೆಗೆ 1,000, ಕಪ್ಪೆಗೆ 100, ಹಾವಿಗೆ 10, ಹದ್ದಿಗೆ 1. ತಪ್ಪಾಗುವುದು ಸೂರ್ಯನಿಂದ ಲೆಕ್ಕ ಶುರುವಾದಾಗ. ಎಲೆಯ ಮೇಲೆ ಬಿದ್ದ ಬಿಸಿಲಿನಲ್ಲಿ ಸಸ್ಯ ಹಿಡಿದಿಡುವುದು ಸುಮಾರು ಶೇಕಡ 1 ಮಾತ್ರ. ಶೇಕಡ 10ರ ನಿಯಮ ಸಸ್ಯದಿಂದ ಮುಂದಕ್ಕೆ. ಬಿಸಿಲು 10,00,000 ಜೂಲ್ ಎಂದು ಕೊಟ್ಟರೆ ಬತ್ತಕ್ಕೆ 10,000, ಒಂದು ಲಕ್ಷವಲ್ಲ.

ಉಳಿದ ಶೇಕಡ 90 ಎಲ್ಲಿ ಹೋಯಿತು? "ನಷ್ಟವಾಯಿತು" ಎಂದು ಬರೆದರೆ ಅರ್ಧ ಅಂಕ. ಮಿಡತೆ ಬೇರನ್ನು ತಿನ್ನಲಿಲ್ಲ. ತಿಂದದ್ದರಲ್ಲಿ ಜೀರ್ಣವಾಗದ ಭಾಗ ಹಿಕ್ಕೆಯಾಯಿತು. ಜೀರ್ಣವಾದದ್ದರಲ್ಲಿ ದೊಡ್ಡ ಪಾಲು ಉಸಿರಾಟದಲ್ಲಿ ಬಳಕೆಯಾಗಿ ಕೊನೆಗೆ ಶಾಖವಾಯಿತು. ಶಾಖವನ್ನು ಹಿಡಿದು ಮತ್ತೆ ಬತ್ತ ಮಾಡುವ ಜೀವಿ ಇಲ್ಲ. ಅದಕ್ಕೇ ಶಕ್ತಿ ಒಂದೇ ದಿಕ್ಕಿಗೆ ಹರಿಯುತ್ತದೆ, ಇಂಗಾಲ ಸುತ್ತುತ್ತದೆ.

ಪಿರಮಿಡ್ಡುಗಳಲ್ಲಿ ನೆನಪಿಡಬೇಕಾದದ್ದು ಯಾವುದು ತಲೆಕೆಳಗಾಗಬಹುದು ಎಂಬುದು. ಒಂದು ಆಲದ ಮರ, ಅದರ ಹಣ್ಣು ತಿನ್ನುವ ನೂರಾರು ಹಕ್ಕಿ, ಹಕ್ಕಿಗಳ ಮೈಮೇಲೆ ಸಾವಿರಾರು ಹೇನು: ಸಂಖ್ಯೆಯ ಪಿರಮಿಡ್ ತಲೆಕೆಳಗು. ಸಮುದ್ರದಲ್ಲಿ ತೇಲುಸಸ್ಯಗಳ ಒಟ್ಟು ತೂಕ ಅವನ್ನು ತಿನ್ನುವವುಗಳ ತೂಕಕ್ಕಿಂತ ಕಡಿಮೆ ಇರಬಹುದು, ಏಕೆಂದರೆ ಅವು ತಿನ್ನಿಸಿಕೊಂಡಷ್ಟೇ ಬೇಗ ಹುಟ್ಟುತ್ತವೆ: ಜೀವರಾಶಿಯ ಪಿರಮಿಡ್ಡೂ ತಲೆಕೆಳಗು. ಶಕ್ತಿಯ ಪಿರಮಿಡ್ ಎಂದಿಗೂ ಹಾಗಾಗದು.

ಗದ್ದೆಗೆ ಡಿಡಿಟಿ ಎಂಬ ಕೀಟನಾಶಕ ಬಿದ್ದರೆ ಹದ್ದಿನ ಮೈಯಲ್ಲಿ ಹೆಚ್ಚು ಸಾಂದ್ರವಾಗುವುದು ಯಾಕೆ? ಅದು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ನೀರಿನಲ್ಲಿ ಕರಗಿದ್ದರೆ ಮೂತ್ರದಲ್ಲಿ ಹೋಗುತ್ತಿತ್ತು. ಪರಿಸರದ ಪಾಠದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜೀವರಸಾಯನದಲ್ಲಿ. ಹಾಳೆಯ ಅಂಚಿನಲ್ಲಿ ಇಂಥ ಕಡೆಗಳಲ್ಲೆಲ್ಲ ಒಂದು ಕೆಳಮುಖ ಬಾಣ ಹಾಕಿಟ್ಟುಕೊಳ್ಳಿ. ಮೆಟ್ಟಿಲಿಳಿದಾಗ ಅದನ್ನು ಮುಟ್ಟಬೇಕು.

ಚಕ್ರಗಳಲ್ಲಿ ಸಾರಜನಕದ್ದೇ ತಲೆನೋವು. ಗಾಳಿಯಲ್ಲಿ ಶೇಕಡ 78 ಸಾರಜನಕವಿದ್ದರೂ ಅದರ ಎರಡು ಪರಮಾಣುಗಳ ನಡುವಿನ ಮೂರೆಳೆಯ ಬಂಧವನ್ನು ಗಿಡ ಬಿಡಿಸಲಾರದು. ಅಲಸಂದೆ, ತೊಗರಿ, ಹೆಸರಿನ ಬೇರುಗಂಟಿನೊಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯ ಬಿಡಿಸುತ್ತದೆ. ಬತ್ತದ ಗದ್ದೆಯ ನೀರಿನಲ್ಲಿ ತೇಲುವ ಪುಟ್ಟ ಜರಿಗಿಡ ಅಜೋಲಾದ ಎಲೆಯೊಳಗೆ ಮನೆ ಮಾಡಿರುವ ಅನಬೀನಾ ಎಂಬ ನೀಲಿಹಸಿರು ಬ್ಯಾಕ್ಟೀರಿಯ ಬಿಡಿಸುತ್ತದೆ. ಅಮೋನಿಯವನ್ನು ನೈಟ್ರೈಟ್ ಮಾಡುವುದು ನೈಟ್ರೋಸೋಮೊನಾಸ್, ನೈಟ್ರೈಟನ್ನು ನೈಟ್ರೇಟ್ ಮಾಡುವುದು ನೈಟ್ರೋಬ್ಯಾಕ್ಟರ್. ನೀರು ನಿಂತ, ಗಾಳಿಯಾಡದ ಮಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಮತ್ತೆ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಆದ್ದರಿಂದಲೇ ಬತ್ತಕ್ಕೆ ನೈಟ್ರೇಟ್ ಗೊಬ್ಬರಕ್ಕಿಂತ ಯೂರಿಯ, ಅಮೋನಿಯಂ ಸಲ್ಫೇಟ್ ಹೊಂದುತ್ತವೆ.

ಹತ್ತಿರದಲ್ಲಿ ಅಲಸಂದೆ ಗಿಡವಿದ್ದರೆ, ಹೂ ಬಿಡುವ ಹೊತ್ತಿಗೆ ಒಂದನ್ನು ಸಲಿಕೆಯಿಂದ ಮಣ್ಣುಸಮೇತ ಎತ್ತಿ, ನೀರಿನಲ್ಲಿ ಅಲ್ಲಾಡಿಸಿ ತೊಳೆಯಿರಿ. ಕೈಯಿಂದ ಜಗ್ಗಿ ಕಿತ್ತರೆ ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿಯುತ್ತವೆ. ಸಾಸಿವೆ, ಮೆಣಸಿನಕಾಳಿನಷ್ಟು ದಪ್ಪದ ಗಂಟೊಂದನ್ನು ಬ್ಲೇಡಿನಿಂದ ಸೀಳಿ. ಒಳಗೆ ತಿಳಿಗೆಂಪು ಇದ್ದರೆ ಕೆಲಸ ನಡೆದಿದೆ. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಡುತ್ತದೆ, ಹಾಗಾಗಿ ಈ ಕೆಂಪು ಪ್ರೋಟೀನ್ ಆಮ್ಲಜನಕವನ್ನು ಹಿಡಿದಿಟ್ಟು ಹದವಾಗಿ ಬಿಡುತ್ತದೆ. ಹಸಿರು ಅಥವಾ ಕಂದು ಬಣ್ಣವಿದ್ದರೆ ಆ ಗಂಟಿನ ಕೆಲಸ ಮುಗಿದಿದೆ.

ಎಲೆ ಮತ್ತು ಉಸಿರು

"ಸಸ್ಯಗಳು ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತವೆ, ರಾತ್ರಿ ಉಸಿರಾಡುತ್ತವೆ" ಎಂಬ ವಾಕ್ಯ ನಿಮ್ಮ ನೀಲಿ ಬರಹದಲ್ಲಿದ್ದರೆ ಅದನ್ನು ಮೊದಲು ಹೊಡೆದುಹಾಕಿ. ಸಸ್ಯದ ಉಸಿರಾಟ ಇಪ್ಪತ್ತನಾಲ್ಕು ಗಂಟೆಯೂ ನಡೆಯುತ್ತದೆ. ಹಗಲು ದ್ಯುತಿಸಂಶ್ಲೇಷಣೆಯ ಭರಾಟೆಯಲ್ಲಿ ಅದು ಹೊರಗೆ ಕಾಣುವುದಿಲ್ಲ, ಅಷ್ಟೇ. "ಕತ್ತಲ ಕ್ರಿಯೆ" ಎಂಬ ಹೆಸರೂ ದಾರಿತಪ್ಪಿಸುವಂಥದ್ದು. ಅದಕ್ಕೆ ಕತ್ತಲು ಬೇಕಿಲ್ಲ. ಬೆಳಕಿನ ಕ್ರಿಯೆ ಕೊಟ್ಟ, ಶಕ್ತಿ ಹೊತ್ತ ಅಣುಗಳಾದ ಎಟಿಪಿ ಮತ್ತು ಎನ್‌ಎಡಿಪಿಎಚ್ ಬೇಕು.

ಸಮೀಕರಣವನ್ನು ಹೀಗೆ ಬರೆಯುವುದು ರೂಢಿ ಮಾಡಿಕೊಳ್ಳಿ: 6 ಇಂಗಾಲದ ಡೈಆಕ್ಸೈಡ್ + 12 ನೀರು → 1 ಗ್ಲೂಕೋಸ್ + 6 ಆಮ್ಲಜನಕ + 6 ನೀರು. ಎರಡೂ ಕಡೆ ನೀರು ಯಾಕೆ, ಹೊಡೆದುಹಾಕಬಾರದೆ? ಹೊರಬರುವ ಆಮ್ಲಜನಕ ಪೂರ್ತಿ ನೀರಿನದ್ದು. ಆರು ಆಮ್ಲಜನಕ ಅಣು ಎಂದರೆ ಹನ್ನೆರಡು ಪರಮಾಣು, ಅಷ್ಟು ಕೊಡಲು ಹನ್ನೆರಡು ನೀರಿನ ಅಣು ಬೇಕೇಬೇಕು. ಇದನ್ನು ಒಮ್ಮೆ ಎಣಿಸಿ ನೋಡಿದವರು ಮತ್ತೆ ಮರೆಯುವುದಿಲ್ಲ. ಇಂಗಾಲ ಹಿಡಿದಾಗ ಮೊದಲು ಹುಟ್ಟುವ ಅಣುವಿನಲ್ಲಿ ಮೂರು ಇಂಗಾಲವಿದ್ದರೆ ಸಿ3, ನಾಲ್ಕಿದ್ದರೆ ಸಿ4. ಬತ್ತ ಸಿ3 ಸಸ್ಯ, ಕಬ್ಬು, ಜೋಳ, ರಾಗಿ ಸಿ4. ಬಿಸಿಲು ಜಾಸ್ತಿ, ನೀರು ಕಡಿಮೆ ಇರುವ ಕಡೆ ಜೋಳ, ರಾಗಿ ನಿಲ್ಲುವುದರ ಹಿಂದೆ ಇದೂ ಒಂದು ಕಾರಣ.

ಉಸಿರಾಟದಲ್ಲಿ ಜಾಗ ಮತ್ತು ಇಂಗಾಲದ ಎಣಿಕೆ ಎರಡನ್ನೂ ಒಟ್ಟಿಗೆ ಬರೆಯಿರಿ. ಕೋಶದ್ರವದಲ್ಲಿ ಗ್ಲೈಕಾಲಿಸಿಸ್: ಆರು ಇಂಗಾಲದ ಒಂದು ಗ್ಲೂಕೋಸ್ ಮೂರು ಇಂಗಾಲದ ಎರಡು ಪೈರುವೇಟ್ ಆಗುತ್ತದೆ, ನಿವ್ವಳ ಲಾಭ ಎರಡು ಎಟಿಪಿ. ಆಮ್ಲಜನಕವಿದ್ದರೆ ಪೈರುವೇಟ್ ಮೈಟೋಕಾಂಡ್ರಿಯಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಯೀಸ್ಟಿನಲ್ಲಿ ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್, ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ. ಒಟ್ಟು ಎಟಿಪಿ ಎಷ್ಟು ಎಂಬುದಕ್ಕೆ ಹಳೆಯ ಪುಸ್ತಕಗಳಲ್ಲಿ 36 ಅಥವಾ 38, ಹೊಸವುಗಳಲ್ಲಿ 30ರಿಂದ 32 ಎಂದಿರುತ್ತದೆ. ನಿಮ್ಮ ಪಠ್ಯ ಹೇಳಿದ್ದನ್ನೇ ಪರೀಕ್ಷೆಯಲ್ಲಿ ಬರೆಯಿರಿ, ವಾದಕ್ಕಿಳಿಯಬೇಡಿ. ಅಂದಹಾಗೆ, ಇಡ್ಲಿ ಹಿಟ್ಟು ಉಬ್ಬುವುದಕ್ಕೆ "ಯೀಸ್ಟ್" ಎಂದು ಕಣ್ಣುಮುಚ್ಚಿ ಬರೆಯುವವರು ಬಹಳ. ಅಲ್ಲಿ ಮುಖ್ಯ ಕೆಲಸಗಾರರು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು. ಲ್ಯೂಕೋನೋಸ್ಟಾಕ್ ಎಂಬುದು ಹುಳಿಯನ್ನೂ ಅನಿಲವನ್ನೂ ಎರಡನ್ನೂ ಕೊಡುತ್ತದೆ.

ಕೋಶ: ಮಿಡಿ ಚಿರುಟುವುದು ಯಾಕೆ

ಕೋಶದ ಚಿತ್ರ ಬಿಡಿಸುವಾಗ ಸಸ್ಯಕೋಶ ಎಂದಕೂಡಲೇ ಕ್ಲೋರೋಪ್ಲಾಸ್ಟ್ ಹಾಕುವ ಅಭ್ಯಾಸ ಬಿಡಿ. ಲ್ಯಾಬಿನಲ್ಲಿ ನೋಡುವ ಈರುಳ್ಳಿ ಪೊರೆಯಲ್ಲಿ ಅದು ಇರುವುದಿಲ್ಲ. ಗೆಡ್ಡೆ ಬೆಳಕು ಕಾಣದ ಜಾಗ. ಕಂಡದ್ದನ್ನು ಬರೆದರೆ ಅಂಕ, ಇರಬೇಕಾದದ್ದನ್ನು ಬರೆದರೆ ಇಲ್ಲ.

ಅಭಿಸರಣೆ, ಅಂದರೆ ಪೊರೆಯ ಮೂಲಕ ನೀರಿನ ಚಲನೆ, ಓದಿ ಅರ್ಥವಾಗುವ ವಿಷಯವಲ್ಲ, ಮಾಡಿ ನೋಡಬೇಕು. ಸಿಪ್ಪೆ ತೆಗೆದ ಆಲೂಗಡ್ಡೆಯಿಂದ 5 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ದಪ್ಪದ ನಾಲ್ಕು ಕಡ್ಡಿ ಕತ್ತರಿಸಿ. ಒಂದು ಲೋಟದಲ್ಲಿ 200 ಮಿಲಿಲೀಟರ್ ಬರೀ ನೀರು, ಇನ್ನೊಂದರಲ್ಲಿ ಅಷ್ಟೇ ನೀರಿಗೆ ಎರಡು ಟೀ ಚಮಚ ಉಪ್ಪು. ಎರಡೆರಡು ಕಡ್ಡಿ ಹಾಕಿ ಒಂದು ಗಂಟೆ ಬಿಡಿ. ಬರೀ ನೀರಿನದ್ದು ಬಿಗಿಯಾಗಿ, ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಉಪ್ಪುನೀರಿನದ್ದು ರಬ್ಬರಿನಂತೆ ಬಳುಕುತ್ತದೆ. ತೂಕ ನೋಡುವುದಾದರೆ ಮುಂಚೆಯೂ ಆಮೇಲೂ ಬಟ್ಟೆಯಿಂದ ಒತ್ತಿ ಒರೆಸಿಯೇ ತೂಗಿ, ಇಲ್ಲದಿದ್ದರೆ ಮೇಲಿನ ತೇವವೇ ಲೆಕ್ಕ ಕೆಡಿಸುತ್ತದೆ. ಸಿಪ್ಪೆ ಉಳಿಸಿದರೂ ಫಲಿತಾಂಶ ಮಂಕಾಗುತ್ತದೆ, ನೀರನ್ನು ತಡೆಯುವುದೇ ಸಿಪ್ಪೆಯ ಕೆಲಸ. ಬದಲಾವಣೆಯನ್ನು ಶೇಕಡದಲ್ಲಿ ಬರೆಯಿರಿ: 8 ಗ್ರಾಂ ಇದ್ದದ್ದು 7 ಗ್ರಾಂ ಆದರೆ 1 ಭಾಗಿಸು 8, ಅಂದರೆ ಶೇಕಡ 12.5 ಇಳಿಕೆ.

ಮಲೆನಾಡಿನ ಮನೆಗಳಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ಒಂದು ಹನಿ ನೀರು ಸೇರಿಸದಿದ್ದರೂ ಭರಣಿಯಲ್ಲಿ ನೀರು ಬಿಟ್ಟುಕೊಂಡು ಮಿಡಿ ಚಿರುಟುತ್ತದೆ. ಅದೂ ಇದೇ. ಮಿಡಿ ಕೆಡದಿರುವುದೂ ಇದರಿಂದಲೇ: ಬಂದು ಕೂತ ಬ್ಯಾಕ್ಟೀರಿಯದ ನೀರನ್ನೂ ಉಪ್ಪು ಹೊರಗೆಳೆಯುತ್ತದೆ. ಉತ್ತರ ಬರೆಯುವಾಗ "ಉಪ್ಪು ನೀರನ್ನು ಹೀರಿತು" ಎನ್ನಬೇಡಿ. ನೀರಿನ ಪ್ರಮಾಣ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ, ಅರೆಪಾರಗಮ್ಯ ಪೊರೆಯ ಮೂಲಕ ನೀರು ಚಲಿಸಿತು ಎನ್ನಿ. ಪೊರೆಯ ಹೆಸರು ಬಿಟ್ಟರೆ ಅದು ಬರೀ ವಿಸರಣೆ.

ವಿಭಜನೆ, ಡಿಎನ್‌ಎ: ಚುಟುಕಾಗಿ

ಈ ಭಾಗದಲ್ಲಿ ಓದುವುದಕ್ಕಿಂತ ಲೆಕ್ಕ ಮಾಡುವುದೇ ಲಾಭ. ಮನುಷ್ಯನ ಕೋಶದಲ್ಲಿ 46 ವರ್ಣತಂತು. ಡಿಎನ್‌ಎ ಇಮ್ಮಡಿಯಾದ ಮೇಲೆ ಎಷ್ಟು? 92 ಅಲ್ಲ, 46ಏ. ಎಣಿಸಬೇಕಾದದ್ದು ಜೋಡಿ ಎಳೆಗಳನ್ನು ಹಿಡಿದಿಡುವ ಸೆಂಟ್ರೋಮಿಯರುಗಳನ್ನು, ಎಳೆಗಳನ್ನಲ್ಲ. ಮಿಯಾಸಿಸ್‌ನಲ್ಲಿ (ಲಿಂಗಾಣುಗಳನ್ನು ಕೊಡುವ ಕೋಶವಿಭಜನೆ) ಸಂಖ್ಯೆ 23ಕ್ಕೆ ಇಳಿಯುವುದು ಮೊದಲ ವಿಭಜನೆಯಲ್ಲೇ.

ಎರಡೆಳೆಯ ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಪ್ರತ್ಯಾಮ್ಲಗಳು; ಎ ಟಿಯೊಂದಿಗೆ, ಜಿ ಸಿಯೊಂದಿಗೆ ಜೋಡಿ. ಎ ಶೇಕಡ 30 ಎಂದರೆ ಟಿ 30, ಉಳಿದ 40ರಲ್ಲಿ ಜಿ 20, ಸಿ 20. ಇನ್ನು ಅಚ್ಚಿನ ಎಳೆ ಟಿಎಸಿ, ಜಿಜಿಎ, ಸಿಟಿಟಿ, ಎಟಿಟಿ ಎಂದಿರಲಿ. ಅದರಿಂದ ಬರುವ, ಟಿ ಬದಲು ಯು ಇರುವ ಎಂ-ಆರ್‌ಎನ್‌ಎ ಎಯುಜಿ, ಸಿಸಿಯು, ಜಿಎಎ, ಯುಎಎ. ಅಂದರೆ ಮೆಥಿಯೊನಿನ್, ಪ್ರೋಲಿನ್, ಗ್ಲುಟಾಮಿಕ್ ಆಮ್ಲ, ಆಮೇಲೆ ನಿಲುಗಡೆ. ನಾಲ್ಕು ಸಂಕೇತಕ್ಕೆ ಮೂರೇ ಅಮೈನೋ ಆಮ್ಲ. ಒಟ್ಟು 64 ಸಂಕೇತಗಳಲ್ಲಿ ಮೂರು ನಿಲುಗಡೆಗೇ ಮೀಸಲು. ಇಂಥ ಐದು ಲೆಕ್ಕ ನೀವೇ ಹುಟ್ಟುಹಾಕಿ ಬಿಡಿಸಿ. ಮೆಂಡೆಲನ 3:1 ಸಂಭವನೀಯತೆ ಮಾತ್ರ. ನಾಲ್ಕು ಬೀಜ ಬಿತ್ತಿದರೆ ಮೂರು ಎತ್ತರ, ಒಂದು ಗಿಡ್ಡ ಬಂದೇ ತೀರುತ್ತದೆ ಎಂದಲ್ಲ.

ಕೊನೆಯ ಮೆಟ್ಟಿಲು: ಅಣು

ನಾಲ್ಕು ಬಗೆಯ ಅಣುಗಳಿಗೆ ನಾಲ್ಕು ಹಾಳೆ. ಪ್ರತಿಯೊಂದರಲ್ಲೂ ಇಟ್ಟಿಗೆ ಯಾವುದು, ಗಾರೆ ಯಾವುದು, ಪರೀಕ್ಷೆ ಹೇಗೆ ಎಂದು ಬರೆಯಿರಿ. ಪಿಷ್ಟದ ಇಟ್ಟಿಗೆ ಗ್ಲೂಕೋಸ್. ಪ್ರೋಟೀನಿನದು ಅಮೈನೋ ಆಮ್ಲ, ಇಪ್ಪತ್ತು ಬಗೆ, ಗಾರೆ ಪೆಪ್ಟೈಡ್ ಬಂಧ. ಹತ್ತು ಅಮೈನೋ ಆಮ್ಲ ಸೇರಿದರೆ ಒಂಬತ್ತು ಬಂಧ, ಹೊರಬೀಳುವ ನೀರು ಒಂಬತ್ತು ಅಣು. ಜೀರ್ಣವಾಗುವುದೆಂದರೆ ಆ ಒಂಬತ್ತು ನೀರನ್ನು ವಾಪಸು ಕೊಡುವುದು. ಎಣ್ಣೆ, ತುಪ್ಪದಲ್ಲಿ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನ ಆಮ್ಲ. ನ್ಯೂಕ್ಲಿಕ್ ಆಮ್ಲವನ್ನು, ಅಂದರೆ ಡಿಎನ್‌ಎ, ಆರ್‌ಎನ್‌ಎಯನ್ನು, ನಿನ್ನೆಯೇ ನೋಡಿಯಾಗಿದೆ.

ಸಕ್ಕರೆ ಎಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್, ಹಾಲಿನ ಲ್ಯಾಕ್ಟೋಸ್ ಎಂದರೆ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್, ಮಾಲ್ಟೋಸ್ ಎಂದರೆ ಎರಡು ಗ್ಲೂಕೋಸ್. ಅನ್ನ ಜಗಿಯುತ್ತಾ ಇದ್ದರೆ ಸಿಹಿಯಾಗುವುದು ಬಹುಮಟ್ಟಿಗೆ ಮಾಲ್ಟೋಸಿನಿಂದ. ಗ್ಲೂಕೋಸ್ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ.

ಕಿಣ್ವದ ಪಾಠಕ್ಕೆ ಒಂದು ಸಂಜೆ ಮೀಸಲಿಡಿ. ಮಟ್ಟ ಮಾಡಿದ ಅರ್ಧ ಟೀ ಚಮಚ ಕಾರ್ನ್‌ಫ್ಲೋರನ್ನು 200 ಮಿಲಿಲೀಟರ್ ನೀರಿನಲ್ಲಿ ಕಲಸಿ, ಕೈಯಾಡಿಸುತ್ತಾ ಎರಡು ನಿಮಿಷ ಕುದಿಸಿ, ಉಗುರುಬೆಚ್ಚಗಾಗುವವರೆಗೆ ಆರಿಸಿ. ಗಂಜಿ ಇದಕ್ಕಿಂತ ಗಟ್ಟಿಯಾದರೆ ಗಂಟೆ ಕಾದರೂ ಏನೂ ಆಗದು. ಬಾಯಿ ತೊಳೆದು, ಎರಡು ಚಮಚ ನೀರನ್ನು ಬಾಯಲ್ಲಿ ಒಂದು ನಿಮಿಷ ಮುಕ್ಕಳಿಸಿ ಲೋಟಕ್ಕೆ ಉಗುಳಿ. ಅದೇ ಎಂಜಲು ದ್ರಾವಣ. ಹೀಗೇ ಮೂರು ಪಾಲು ಮಾಡಿಕೊಳ್ಳಿ. ಮೂರು ಬಟ್ಟಲಿನಲ್ಲಿ ಎರಡೆರಡು ದೊಡ್ಡ ಚಮಚ ಗಂಜಿ. ಒಂದಕ್ಕೆ ಒಂದು ಚಮಚ ಎಂಜಲು ದ್ರಾವಣ, ಎರಡನೆಯದಕ್ಕೆ ಕುದಿಸಿ ಆರಿಸಿದ್ದು, ಮೂರನೆಯದಕ್ಕೆ ಮೊದಲು ಒಂದು ಚಮಚ ವಿನೆಗರ್, ಆಮೇಲೆ ಹಸಿ ಎಂಜಲು ದ್ರಾವಣ. ಮೂರನ್ನೂ ಕೈಗೆ ಹಿತವಾಗುವಷ್ಟು ಬಿಸಿನೀರಿನ ತಟ್ಟೆಯಲ್ಲಿಡಿ. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಅಯೋಡಿನ್ ಹನಿಗಳ ಸಾಲು ಮಾಡಿ; ಒಂದು ಪಾಲು ಅಯೋಡಿನ್‌ಗೆ ಹತ್ತು ಪಾಲು ನೀರು. ಎರಡೆರಡು ನಿಮಿಷಕ್ಕೊಮ್ಮೆ ಪ್ರತಿ ಬಟ್ಟಲಿನಿಂದ ಒಂದು ಹನಿ ತಂದು ಹಾಕಿ, ಒಂದೊಂದಕ್ಕೂ ಬೇರೆ ಚಮಚ.

ಮೊದಲ ಬಟ್ಟಲಿನ ಹನಿ ಕಡುನೀಲಿಯಿಂದ ಕೆಂಗಂದಾಗಿ, ಕೊನೆಗೆ ಅಯೋಡಿನ್ನಿನ ಹಳದಿಯಾಗಿಯೇ ಉಳಿಯುತ್ತದೆ. ಎಷ್ಟು ನಿಮಿಷ ಎಂಬುದು ಒಬ್ಬೊಬ್ಬರ ಎಂಜಲಿಗೆ ಒಂದೊಂದು. ಉಳಿದೆರಡು ನೀಲಿಯಾಗಿಯೇ ಇರುತ್ತವೆ.

ಕೆಡುವ ಕಡೆಗಳು ಇವು. ಅಯೋಡಿನ್ನನ್ನು ನೇರ ಬಟ್ಟಲಿಗೇ ಸುರಿದರೆ ಕಿಣ್ವದ ಕೆಲಸಕ್ಕೇ ಅಡ್ಡಿ. ಬಿಸಿ ಗಂಜಿಗೆ ಅಯೋಡಿನ್ ಹಾಕಿದರೆ ನೀಲಿ ಕಾಣುವುದಿಲ್ಲ, ಆರಿದ ಮೇಲೆ ಮರಳುತ್ತದೆ; ಪಿಷ್ಟದಲ್ಲಿರುವ ಅಮೈಲೋಸ್ ಎಂಬ ಗ್ಲೂಕೋಸ್ ಸರದ ಸುರುಳಿಯೊಳಗೆ ಅಯೋಡಿನ್ ಕೂತಾಗಲೇ ಆ ಬಣ್ಣ, ಶಾಖಕ್ಕೆ ಸುರುಳಿ ಸಡಿಲಗೊಳ್ಳುತ್ತದೆ. ಎಲ್ಲಕ್ಕಿಂತ ಮೋಸಗೊಳಿಸುವುದು ವಿನೆಗರ್ ಬದಲು ನಿಂಬೆರಸ ಬಳಸುವುದು. ನಿಂಬೆಯ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ತೆಗೆದುಬಿಡುತ್ತದೆ, ಕಿಣ್ವ ಭರ್ಜರಿ ಕೆಲಸ ಮಾಡಿತೆಂದು ನೀವು ತಪ್ಪು ತಿಳಿಯುತ್ತೀರಿ.

ಕುದಿಸಿದ ಕಿಣ್ವ ಆರಿದರೂ ಮರಳಿ ಬಾರದು, ಅದರ ಮಡಿಕೆಯೇ ಬಿಚ್ಚಿಹೋಗಿದೆ. ಫ್ರಿಜ್ಜಿನ ತಂಪು ಅದನ್ನು ನಿಧಾನ ಮಾಡುತ್ತದೆ ಅಷ್ಟೇ. ಹೊರಗಿಟ್ಟರೆ ಮತ್ತೆ ಕೆಲಸ ಶುರು. ಪರೀಕ್ಷೆ ಹಾಕುವವರಿಗೆ ಈ ವ್ಯತ್ಯಾಸದ ಮೇಲೆ ವಿಶೇಷ ಪ್ರೀತಿ. ಪಿಷ್ಟ ಒಡೆಯುವ ಎಂಜಲಿನ ಕಿಣ್ವ ಅಮೈಲೇಸಿಗೆ ಹಿತವಾದ ಪಿಎಚ್ ಸುಮಾರು 6.8, ಪ್ರೋಟೀನ್ ಒಡೆಯುವ ಜಠರದ ಕಿಣ್ವ ಪೆಪ್ಸಿನ್‌ಗೆ ಸುಮಾರು 2. ಹಾಗಾಗಿ ಅನ್ನ ಹೊಟ್ಟೆಗಿಳಿದ ಮೇಲೆ ಎಂಜಲಿನ ಕೆಲಸ ನಿಂತುಹೋಗುತ್ತದೆ. ಮೂರನೆಯ ಬಟ್ಟಲು ತೋರಿಸಿದ್ದು ಅದನ್ನೇ.

ಎರಡು ಭಾಷೆಯ ಪಟ್ಟಿ

ಕನ್ನಡ ಮಾಧ್ಯಮದಿಂದ ಬಂದವರು ಪಿಯುಸಿಯಲ್ಲಿ ಕಷ್ಟಪಡುವುದು ಅನೇಕ ಸಲ ವಿಷಯಕ್ಕಲ್ಲ, ಹೆಸರಿಗೆ. ಪತ್ರಹರಿತ್ತು ಕ್ಲೋರೋಫಿಲ್, ಪತ್ರರಂಧ್ರ ಸ್ಟೊಮಾಟ, ಕೋಶಕೇಂದ್ರ ನ್ಯೂಕ್ಲಿಯಸ್, ಪರಾಗಸ್ಪರ್ಶ ಪಾಲಿನೇಷನ್ ಎಂದು ದಿನಕ್ಕೆ ಹತ್ತು ಜೋಡಿಯಂತೆ ಬರೆದುಕೊಂಡರೆ ನೂರು ಪದವಾಗುತ್ತದೆ. ಕನ್ನಡದಲ್ಲೇ ಒಂದಕ್ಕೊಂದು ತಾಗುವ ಪದಗಳಿಗೆ ಬೇರೆ ಪುಟ ಇರಲಿ: ವಿಸರಣೆ ಡಿಫ್ಯೂಷನ್, ಅಭಿಸರಣೆ ಆಸ್ಮಾಸಿಸ್, ವಿಸರ್ಜನೆ ಎಕ್ಸ್‌ಕ್ರೀಷನ್. "ಉಸಿರಾಟ" ಎಂಬ ಒಂದೇ ಪದ ಗಾಳಿ ಎಳೆದು ಬಿಡುವುದಕ್ಕೂ ಕೋಶದೊಳಗೆ ಗ್ಲೂಕೋಸ್ ಒಡೆಯುವುದಕ್ಕೂ ಬಳಕೆಯಾಗುವುದರಿಂದ, ಎರಡನೆಯದನ್ನು ಯಾವಾಗಲೂ "ಕೋಶೀಯ ಉಸಿರಾಟ" ಎಂದೇ ಬರೆಯಿರಿ.

ಹತ್ತನೆಯ ದಿನ

ಈಗ ಮೆಟ್ಟಿಲು ಹತ್ತಿ ವಾಪಸು ಗದ್ದೆಗೆ ಬನ್ನಿ. ಖಾಲಿ ಹಾಳೆಯಲ್ಲಿ ಒಂದೇ ಪ್ರಶ್ನೆ: ಬತ್ತದ ಹುಲ್ಲನ್ನು ಹಸು ತಿಂದರೆ ಏನಾಗುತ್ತದೆ? ನಲವತ್ತು ನಿಮಿಷ. ಉತ್ತರದಲ್ಲಿ ಇವಿಷ್ಟೂ ಬಂದಿರಬೇಕು. ಹುಲ್ಲಿನ ಇಂಗಾಲ ಗಾಳಿಯಿಂದ ಬಂದದ್ದು. ಅದು ಸೆಲ್ಯುಲೋಸ್ ಆಗಿದೆ. ಪಿಷ್ಟದ ಹಾಗೆ ಇದೂ ಗ್ಲೂಕೋಸಿನ ಸರವೇ, ಆದರೆ ಗ್ಲೂಕೋಸುಗಳ ನಡುವಿನ ಬಂಧ ಬೀಟಾ ಬಗೆಯದು, ನಮ್ಮ ಅಮೈಲೇಸಿಗೆ ಪಿಷ್ಟದ ಆಲ್ಫಾ ಬಂಧ ಮಾತ್ರ ಹಿಡಿತಕ್ಕೆ ಸಿಗುತ್ತದೆ. ಹಸುವಿಗೂ ಆ ಕಿಣ್ವವಿಲ್ಲ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳಿಗಿದೆ. ಅಲ್ಲಿ ಆಮ್ಲಜನಕವಿಲ್ಲ, ಆದ್ದರಿಂದ ಇಂಗಾಲದ ಒಂದು ಪಾಲು ಮೀಥೇನ್ ಆಗಿ ತೇಗಿನಲ್ಲಿ ಹೋಗುತ್ತದೆ. ನೀರು ನಿಂತ ಗದ್ದೆಯ ಕೆಸರಿನಿಂದ ಏಳುವ ಗುಳ್ಳೆಯಲ್ಲೂ ಅದೇ ಅನಿಲ, ಅದೇ ಬಗೆಯ ಜೀವಿಗಳು. ಉಳಿದದ್ದು ಹಾಲು, ಸಗಣಿ, ಮೈಶಾಖ.

ಇದರಲ್ಲಿ ಯಾವ ಕೊಂಡಿ ಬಿಟ್ಟುಹೋಯಿತೋ ಅದರ ಮುಂದೆ ಪಾಠದ ಹೆಸರು ಬರೆದಿಡಿ. ಹನ್ನೊಂದನೆಯ ದಿನದ ಖಾಲಿ ಹಾಳೆ ಅಲ್ಲಿಂದ ಶುರು.